ತುಮಕೂರಿಗೆ ಕಾಂಟ್ರಾ ಬಂದ ದಾರಿ

ತುಮಕೂರಿನಲ್ಲಿ ಕಾಂಟ್ರಾ ಎಂಬ ವಿಡಿಯೋ ಗೇಮ್ ಆಡಿದವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೂವತ್ತೈದು ದಾಟಿದವರ ಎದುರು ಆ ಆಟದ ಬಂದೂಕು ‘ಎಸ್ ಗನ್’ ಹೆಸರು ಹೇಳಿದರೆ ಸಾಕು, ಅರ್ಧದಷ್ಟು ಜನರ ಮುಖ ಅರಳುತ್ತದೆ. ಆದರೆ ಆಟವನ್ನು ತಯಾರಿಸಿದ ಜಪಾನಿನ ಕೊನಾಮಿ ಕಂಪನಿಗೆ ಅವರ ಮನೆಗಳಿಂದ ಒಂದು ಪೈಸೆಯೂ ಹೋಗಿರಲಾರದು. ನಾವು ಆಡಿದ್ದು ನಕಲಿ ಯಂತ್ರಕ್ಕೆ ಸಿಕ್ಕಿಸಿದ, ಆಟ ತುಂಬಿದ ನಕಲಿ ಕ್ಯಾಸೆಟ್. ನನಗೆ ಅದರ ಬಗ್ಗೆ ನಾಚಿಕೆಗಿಂತ ಕುತೂಹಲವೇ ಹೆಚ್ಚು. ಆಗ ವಿಚಿತ್ರವೆನಿಸಿದ ಎಷ್ಟೋ ಸಂಗತಿಗಳ ಬೇರು ಜಪಾನ್, ಅಮೆರಿಕ, ತೈವಾನ್‌ಗಳಲ್ಲಿದೆ.

ಮೂಲ ಯಂತ್ರದ ಹೆಸರು ಫ್ಯಾಮಿಕಾಮ್. ಮಸಾಯುಕಿ ಉಯೆಮುರಾ ಅವರ ತಂಡ ರೂಪಿಸಿದ ಇದನ್ನು ನಿಂಟೆಂಡೊ 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. 8 ಬಿಟ್ ಪ್ರೊಸೆಸರ್, ಕೆಲಸಕ್ಕೆ ಬರೀ 2 ಕಿಲೋಬೈಟ್ ಮೆಮೊರಿ. ಅದೇ ವರ್ಷ ಅಮೆರಿಕದಲ್ಲಿ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿತ್ತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದು ಗ್ರಾಹಕರಿಗೆ ನಂಬಿಕೆಯೇ ಹೋಗಿತ್ತು. ಹಾಗಾಗಿ 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟಾಗ ನಿಂಟೆಂಡೊ ತನ್ನ ಯಂತ್ರದೊಳಗೆ ಒಂದು ಕಾವಲು ಚಿಪ್ ಇಟ್ಟಿತು. ಅದಕ್ಕೆ ಜೋಡಿಯಾದ ಚಿಪ್ ಕ್ಯಾಸೆಟ್‌ನಲ್ಲಿ ಇಲ್ಲದಿದ್ದರೆ ಆಟ ಓಡುವುದಿಲ್ಲ. ಜಪಾನಿನ ಮೊದಲ ಯಂತ್ರಕ್ಕೆ ಈ ಕಾವಲು ಇರಲಿಲ್ಲ. ನಕಲು ಮಾಡುವವರು ಬೀಗ ಹಾಕದ ಮನೆಯನ್ನೇ ಆರಿಸಿಕೊಂಡರು. ನಮ್ಮ ಹಳದಿ ಕ್ಯಾಸೆಟ್‌ಗಳು ಅಮೆರಿಕದವಕ್ಕಿಂತ ಚಿಕ್ಕದಾಗಿ, 72ರ ಬದಲು 60 ಪಿನ್‌ಗಳ ಜಪಾನಿ ಅಳತೆಯಲ್ಲಿ ಇದ್ದದ್ದು ಇದೇ ಕಾರಣಕ್ಕೆ.

ಕೈಯಲ್ಲಿ ಹಿಡಿದು ಆಡುವ ಎರಡನೆಯ ರಿಮೋಟ್‌ನ ಕಥೆಯೂ ಅಷ್ಟೇ. ಅದರಲ್ಲಿ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳೇ ಇರುತ್ತಿರಲಿಲ್ಲ. ಆಟ ನಿಲ್ಲಿಸುವ, ಮತ್ತೆ ಶುರು ಮಾಡುವ ಅಧಿಕಾರವೆಲ್ಲ ಮೊದಲ ರಿಮೋಟ್ ಹಿಡಿದವರದು, ಅಂದರೆ ಅಣ್ಣನದು. ಕಿರಿಯರಿಗಾದ ಈ ಅನ್ಯಾಯವನ್ನು ನಮ್ಮ ಕಡೆಯ ಯಾರೂ ಹುಟ್ಟುಹಾಕಿದ್ದಲ್ಲ. ಫ್ಯಾಮಿಕಾಮ್‌ನ ಎರಡನೆಯ ರಿಮೋಟ್‌ನಲ್ಲಿ ಆ ಗುಂಡಿಗಳನ್ನು ಬಿಟ್ಟು ಒಂದು ಪುಟ್ಟ ಮೈಕ್ ಇಟ್ಟಿದ್ದರು. ನಕಲಿ ಮಾಡಿದವರು ಮೈಕನ್ನು ಕೈಬಿಟ್ಟು ಕೊರತೆಯನ್ನು ಮಾತ್ರ ಉಳಿಸಿಕೊಂಡರು.

ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮ್‌ನ ಮುಖ್ಯ ಚಿಪ್‌ಗಳ ನಕಲನ್ನು ತಯಾರಿಸತೊಡಗಿದ ಮೇಲೆ ಈ ಯಂತ್ರಗಳು ಜಗತ್ತಿನ ಮೂಲೆಮೂಲೆಗೂ ಹರಡಿದವು. ರಷ್ಯಾದಲ್ಲಿ 1992ರಿಂದ ಡೆಂಡಿ ಎಂಬ ಹೆಸರಿನಲ್ಲಿ ಮಾರಾಟವಾದವು. ಭಾರತದಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರುಗಳು ಬಂದವು. ತುಮಕೂರಿಗೆ ಬೆಂಗಳೂರು 70 ಕಿಲೋಮೀಟರ್, ಅಲ್ಲಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿದ್ದು ನಮ್ಮೂರಿನ ಎಂ.ಜಿ. ರಸ್ತೆಯ ಅಂಗಡಿಗೆ ಬರಲು ಎಷ್ಟು ಹೊತ್ತು? ಕೊಳ್ಳಲಾಗದವರಿಗೆ ವಿಡಿಯೋ ಲೈಬ್ರರಿಗಳಿದ್ದವು, ಗಂಟೆಯ ಲೆಕ್ಕದಲ್ಲಿ ಆಡಬಹುದಿತ್ತು. ಮುಂದೆ ಇಡೀ ಯಂತ್ರವನ್ನೇ ಒಂದು ಚಿಪ್‌ಗೆ ಇಳಿಸಿದರು. ಕೆಟ್ಟುಹೋದ ಗೇಮನ್ನು ಟಿವಿ ರಿಪೇರಿ ಅಂಗಡಿಗೆ ಕೊಂಡೊಯ್ದರೆ, ಸ್ಕ್ರೂ ಬಿಚ್ಚಿದಾಗ ಒಳಗೆ ಬಹುಪಾಲು ಖಾಲಿ ಬೋರ್ಡು, ನಡುವೆ ಕರಿ ಅಂಟಿನ ಒಂದು ಗುಂಡು ಬೊಟ್ಟು. ಬೆಸುಗೆ ಹಾಕಲು ಕಾಲೂ ಇಲ್ಲ, ಓದಲು ನಂಬರೂ ಇಲ್ಲ. ವೈರು ಕಿತ್ತಿದ್ದರೆ ಅಂಟಿಸಿಕೊಡುತ್ತಿದ್ದರು, ಇಲ್ಲದಿದ್ದರೆ ಮುಚ್ಚಳ ಮುಚ್ಚಿ ಕೈಗಿಡುತ್ತಿದ್ದರು.

ಕಾಂಟ್ರಾ ಹುಟ್ಟಿದ್ದು 1987ರಲ್ಲಿ, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಕ್ಕಾಗಿ. ಮನೆಯ ಯಂತ್ರಕ್ಕೆ ಬಂದದ್ದು 1988ರಲ್ಲಿ. ಇಬ್ಬರು ಯೋಧರು, ಎಂಟು ಹಂತ, ಮೂರು ಲೈಫ್. ಒಂದೇ ಗುಂಡು ತಾಗಿದರೂ ಸಾವು. ಐದು ಕವಲಾಗಿ ಗುಂಡು ಹಾರಿಸುವ ಎಸ್ ಗನ್ ಕೈಯಲ್ಲಿದ್ದರೆ ಧೈರ್ಯ. ಸತ್ತರೆ ಅದೂ ಹೋಯಿತು, ಮತ್ತೆ ಮೊದಲಿನ ಸಾದಾ ಬಂದೂಕು. ಮೂರನೆಯ ಹಂತದ ಜಲಪಾತದಲ್ಲಿ ನಿಜವಾದ ಶತ್ರು ಜೊತೆಗಾರನೇ. ಅವನು ಮೇಲೆ ಮೇಲೆ ಜಿಗಿದಂತೆ ಪರದೆಯೂ ಮೇಲೇರುತ್ತದೆ, ಕೆಳಗೆ ಉಳಿದವನು ಕಾಲಡಿಯ ಬಂಡೆ ಮಾಯವಾಗಿ ಸಾಯುತ್ತಾನೆ. ಎಷ್ಟೋ ಮನೆಗಳಲ್ಲಿ ರಿಮೋಟ್ ನೆಲಕ್ಕೆ ಬಡಿದದ್ದು ಈ ಜಾಗದಲ್ಲೇ.

ಗುಂಡುಗಳು ಹೆಚ್ಚಾದಾಗ ಚಿತ್ರಗಳು ಮಿಣುಕುತ್ತಿದ್ದವು. ಕ್ಯಾಸೆಟ್ ಕೆಟ್ಟಿದೆ ಎಂದು ಅಂಗಡಿಯವನ ಮೇಲೆ ಹರಿಹಾಯುವವರಿದ್ದರು. ಪಾಪ, ಅವನ ತಪ್ಪೇನೂ ಇರಲಿಲ್ಲ. ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸುವ ಶಕ್ತಿ ಮೂಲ ಫ್ಯಾಮಿಕಾಮ್‌ಗೇ ಇರಲಿಲ್ಲ. ಹಾಗಾಗಿ ತುಣುಕುಗಳನ್ನು ಸರದಿಯಂತೆ ತೋರಿಸಿ, ಬಿಟ್ಟು, ಮತ್ತೆ ತೋರಿಸುತ್ತಿದ್ದರು.

ಕಾಂಟ್ರಾದಲ್ಲಿ ಮೂರರ ಬದಲು ಮೂವತ್ತು ಲೈಫ್ ಕೊಡುವ ಗುಟ್ಟು ಬೇರೆ ಆಟದಿಂದ ಬಂದದ್ದು. 1986ರಲ್ಲಿ ಕೊನಾಮಿಯ ಕಜುಹಿಸಾ ಹಾಶಿಮೊಟೊ ಗ್ರೇಡಿಯಸ್ ಎಂಬ ಆಟವನ್ನು ಫ್ಯಾಮಿಕಾಮ್‌ಗೆ ಅಳವಡಿಸುತ್ತಿದ್ದರು. ಪರೀಕ್ಷಿಸಲು ಆಡಬೇಕು, ಆಡಿದರೆ ಅವರಿಗೇ ಗೆಲ್ಲಲಾಗದು. ಸರಿ, ತಮ್ಮ ಅನುಕೂಲಕ್ಕೆ ಒಂದು ಸಂಕೇತ ಸೇರಿಸಿಕೊಂಡರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಅದು ಆಟದಲ್ಲೇ ಉಳಿದುಹೋಯಿತು, ಕಾಂಟ್ರಾಗೂ ದಾಟಿತು. ತುಮಕೂರಿಗೆ ಅದು ಬಾಯಿಂದ ಬಾಯಿಗೆ ಬಂತು. ನಮ್ಮ ರಿಮೋಟ್‌ಗಳ ರಬ್ಬರ್ ಸವೆದಿದ್ದರಿಂದ ‘ಎಡ’ ಒತ್ತಿದರೆ ‘ಕೆಳಗೆ’ಯೂ ಸೇರಿಕೊಂಡು ಸಂಕೇತ ಹಾಳಾಗುತ್ತಿತ್ತು; ಆಗದವರು ಅದನ್ನು ಶುದ್ಧ ಸುಳ್ಳು ಎಂದು ಸಾರುತ್ತಿದ್ದರು. ಆಟವನ್ನು ಉಳಿಸಿಟ್ಟು ನಾಳೆ ಮುಂದುವರಿಸುವ ಸೌಲಭ್ಯವೂ ಇರಲಿಲ್ಲ. ಏಳನೆಯ ಹಂತದಲ್ಲಿ ಲೋಡ್ ಶೆಡ್ಡಿಂಗ್ ಆದರೆ ಮತ್ತೆ ಮೊದಲ ಕಾಡಿನಿಂದಲೇ ಓಟ.

ಒಂದರಲ್ಲೇ 9999 ಆಟಗಳಿವೆ ಎನ್ನುವ ‘9999 ಇನ್ 1’ ಕ್ಯಾಸೆಟ್‌ನ ಮೋಸವನ್ನು ಇಲ್ಲಿ ಹೇಳಲೇಬೇಕು. ಅದರಲ್ಲಿ ನಿಜವಾದ ಆಟಗಳು ಬೆರಳೆಣಿಕೆಯಷ್ಟು. ಅದೇ ಆಟವನ್ನು ಬೇರೆ ಹಂತದಿಂದ ಇಲ್ಲವೇ ಹೆಚ್ಚು ಲೈಫ್‌ನಿಂದ ಶುರುವಾಗುವಂತೆ ತಿದ್ದಿ, ಹೊಸ ಸಾಲಿನಲ್ಲಿ ಹೊಸ ಹೆಸರಿಟ್ಟು ಪಟ್ಟಿ ಬೆಳೆಸುತ್ತಿದ್ದರು. ಆದರೂ ನಾವು ಪಟ್ಟಿಯ ಕೊನೆಯವರೆಗೂ ಆಸೆಯಿಂದ ಹೋಗುತ್ತಿದ್ದೆವು.

ಇದಕ್ಕೆಲ್ಲ ಕಾನೂನು ಇರಲಿಲ್ಲವೇ? ಇತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತು. ಕಾದಂಬರಿಯನ್ನು ಕಾಯುವ ಕಾಯ್ದೆಯೇ ಕಾಂಟ್ರಾವನ್ನೂ ಕಾಯಬೇಕು, ಸಾಹಿತಿಗಳು ಕೋಪಿಸಿಕೊಳ್ಳಬಾರದು. 1994ರ ತಿದ್ದುಪಡಿ ಇನ್ನೂ ಬಿಗಿ: ಗೊತ್ತಿದ್ದೂ ನಕಲಿ ಪ್ರೋಗ್ರಾಂ ಬಳಸಿದರೆ ಕನಿಷ್ಠ 7 ದಿನ ಜೈಲು, ಕನಿಷ್ಠ 50,000 ರೂಪಾಯಿ ದಂಡ. ಲಾಭಕ್ಕಾಗಿ ಬಳಸದಿದ್ದರೆ ಜೈಲಿನಿಂದ ವಿನಾಯಿತಿ ನೀಡಲು ನ್ಯಾಯಾಲಯಕ್ಕೆ ಅವಕಾಶವಿದೆ. ಮನೆಯಲ್ಲಿ ಆಡಿದ ಹುಡುಗರು ಆ ವಿನಾಯಿತಿಯ ನೆರಳಿನಲ್ಲಿ ನಿಲ್ಲಬಹುದಿತ್ತು, ಗಂಟೆಗಿಷ್ಟು ಎಂದು ಆಡಿಸಿದ ಅಂಗಡಿಯವರಿಗೆ ಆ ಮಾತು ಕಷ್ಟ. ಕಾಯ್ದೆ ಕಠಿಣವಾಗಿದ್ದರೂ ಅಸಲಿ ಕ್ಯಾಸೆಟ್ ನಮ್ಮ ಕೈಗೆಟುಕುವ ಯಾವ ಅಂಗಡಿಯಲ್ಲೂ ಇರಲಿಲ್ಲ ಎಂಬುದನ್ನು ಮರೆಯಬಾರದು.

ಈಗ ಅಸಲಿ ಸಿಗುತ್ತದೆ. 2019ರಲ್ಲಿ ಕೊನಾಮಿ ಹಳೆಯ ಕಾಂಟ್ರಾ ಆಟಗಳ ಸಂಕಲನವನ್ನು ಕಂಪ್ಯೂಟರ್ ಮತ್ತು ಹೊಸ ಯಂತ್ರಗಳಿಗೆ ಹೊರತಂದಿತು. ಅದರಲ್ಲಿ ಜಪಾನಿ ಆವೃತ್ತಿಯೂ ಇದೆ. ಅಲ್ಲಿ ಮೊದಲ ಹಂತದ ಮರಗಳು ತೂಗಾಡುತ್ತವೆ, ಐದನೆಯ ಹಂತದಲ್ಲಿ ಹಿಮ ಬೀಳುತ್ತದೆ. ನನ್ನ ನೆನಪಿನ ಕಾಂಟ್ರಾದಲ್ಲಿ ನೆಲ ಬೆಳ್ಳಗಿತ್ತು, ಆಕಾಶದಿಂದ ಏನೂ ಬೀಳುತ್ತಿರಲಿಲ್ಲ. ಕೊನಾಮಿ ಜಪಾನಿನಲ್ಲಿ ತನ್ನದೇ ವಿಶೇಷ ಚಿಪ್ಪನ್ನು ಕ್ಯಾಸೆಟ್‌ಗೆ ಹಾಕಬಹುದಿತ್ತು. ಅಮೆರಿಕದ ಕ್ಯಾಸೆಟ್‌ನಲ್ಲಿ ಆ ಚಿಪ್ ಇಲ್ಲ, ಹಿಮವೂ ಇಲ್ಲ. ನಾವು ಆಡಿದ್ದು ಅದರ ನಕಲೇ ಇರಬೇಕು.

ಹಳೆಯ ಯಂತ್ರ ಇನ್ನೂ ಅಟ್ಟದ ಮೇಲಿದ್ದರೆ ಆಡಲು ಅಡ್ಡಿಯಿಲ್ಲ, ಹಳದಿ ಪಿನ್ ಸಿಕ್ಕಿಸುವ ರಂಧ್ರ ಟಿವಿಯಲ್ಲಿದೆಯೇ ನೋಡಿಕೊಳ್ಳಿ. ಚಪ್ಪಟೆ ಟಿವಿಗಳು ಚಿತ್ರವನ್ನು ಹಿಗ್ಗಿಸಿ ತೋರಿಸುವುದರಿಂದ ಜಿಗಿತ ಕ್ಷಣಮಾತ್ರ ತಡವಾಗುತ್ತದೆ, ಕಾಂಟ್ರಾದಲ್ಲಿ ಅಷ್ಟು ಸಾಕು ಸಾಯಲು. ಯಂತ್ರದ ಜೊತೆಗೆ ಕೊಟ್ಟ, ಪರದೆಯ ಮೇಲಿನ ಬಾತುಕೋಳಿ ಹೊಡೆಯುವ ಆಟದ ಬಂದೂಕಂತೂ ಹಳೆಯ ಗಾಜಿನ ಟಿವಿ ಇಲ್ಲದೆ ಕೆಲಸ ಮಾಡುವುದಿಲ್ಲ.