‘ಡಿ’ ಎಂದರೆ ದೇವನಹಳ್ಳಿ, ‘ಬಿ’ ಎಂದರೆ ಬೆಂಗಳೂರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ. ಪಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿ ಕುಳಿತಿದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಚ್ಚಿಕೊಂಡು ಎರಡು ಉದ್ದನೆಯ ಪದಗಳಾಗಿದೆ. ಮನುಷ್ಯ ಒಬ್ಬನೇ, ಹೆಸರು ನಾಲ್ಕು. ಈ ನಾಲ್ವರೂ ನಾನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಲು ಬೆಂಗಳೂರಿನ ನೋಟರಿಗಳ ಮುಂದೆ ಜನ ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ.

ಹಳೆ ಮೈಸೂರಿನ ಕಡೆ ಹೆಸರಿನ ಕ್ರಮ ಸರಳವಾಗಿತ್ತು. ಮೊದಲು ಊರು, ಆಮೇಲೆ ಅಪ್ಪ, ಕೊನೆಯಲ್ಲಿ ತಾನು. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪ ಕೆ.ವಿ. ಪುಟ್ಟಪ್ಪನಾದರು, ಕಾವ್ಯಕ್ಕೆ ಬಂದಾಗ ಕುವೆಂಪು ಆದರು. ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡರು ದೆಹಲಿಯ ಪ್ರಧಾನಿ ಕುರ್ಚಿಯಲ್ಲಿ ಕುಳಿತಾಗಲೂ ಹೊಳೆನರಸೀಪುರ ತಾಲ್ಲೂಕಿನ ಆ ಹಳ್ಳಿ ‘ಎಚ್’ ಆಗಿ ಜೊತೆಗಿತ್ತು. ಊರು ಎಂದರೆ ಹುಟ್ಟಿದ ಊರೇ ಆಗಬೇಕೆಂದಿಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅವರ ‘ಎಂ’ ಮಾತ್ರ ಪೂರ್ವಿಕರು ಬಿಟ್ಟುಬಂದ, ಈಗ ಆಂಧ್ರದಲ್ಲಿರುವ ಮೋಕ್ಷಗುಂಡಂ. ಪೂರ್ವಿಕರು ಊರು ಬಿಟ್ಟರೂ ಅಕ್ಷರ ಊರನ್ನು ಬಿಟ್ಟಿರಲಿಲ್ಲ.

ಈ ಪದ್ಧತಿಯ ಜೀವ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಒಂದೇ ಮನೆಯ ಇಬ್ಬರನ್ನು ತೋರಿಸುತ್ತೇನೆ. ಅಪ್ಪ ಡಿ.ವಿ.ಜಿ., ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಮಗ, ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ, ಅಂದರೆ ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಅಪ್ಪ ಮುಳಬಾಗಿಲಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದರು, ಮಗನ ಹೆಸರಿನಲ್ಲಿ ದೇವನಹಳ್ಳಿಯ ಜಾಗಕ್ಕೆ ಬೆಂಗಳೂರು ಬಂತು. ಒಂದು ಸಂಸಾರ ಪೇಟೆಗೆ ಬಂದ ಕಥೆ ‘ಡಿ’ ಅಳಿದು ‘ಬಿ’ ಆಗುವುದರಲ್ಲಿ ಮುಗಿದಿದೆ. ಇಷ್ಟು ಚಿಕ್ಕದಾಗಿ ವಂಶವೃಕ್ಷ ಬರೆಯುವ ಇನ್ನೊಂದು ವಿಧಾನ ನನಗೆ ಗೊತ್ತಿಲ್ಲ. ಈಗ ವಿಮಾನ ಇಳಿಯುವುದು ಅದೇ ದೇವನಹಳ್ಳಿಯಲ್ಲಿ.

ಉತ್ತರ ಕರ್ನಾಟಕದ ದಾರಿ ಬೇರೆ. ಮುಂಬೈ ಪ್ರಾಂತ್ಯದ ಆಡಳಿತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ತನ್ನ ಹೆಸರು ಮೊದಲು, ಅಪ್ಪನದು ನಡುವೆ, ಅಡ್ಡಹೆಸರು ಕೊನೆಗೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ಕೆಲವು ಅಡ್ಡಹೆಸರು ಊರಿನದು, ಕೆಲವು ಕಸುಬಿನದು, ಇನ್ನುಳಿದವು ಸಂತೆಯಿಂದ ಎದ್ದು ಬಂದಂಥವು: ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ತುಪ್ಪದ, ಅಕ್ಕಿ, ಅಂಗಡಿ. ಬೆಂಗಳೂರಿನ ಹಾಸ್ಟೆಲುಗಳಲ್ಲಿ ಹಾಜರಿ ಕೂಗುವಾಗ ‘ಮೆಣಸಿನಕಾಯಿ’ ಎಂದರೆ ದಕ್ಷಿಣದ ಹುಡುಗರು ನಗುತ್ತಿದ್ದರು. ನಗುತ್ತಿದ್ದವರಲ್ಲಿ ಗುಂಡಪ್ಪ, ತಿಪ್ಪಯ್ಯ, ಕಾಡಪ್ಪಂದಿರೂ ಇದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕಲ್ಲು, ತಿಪ್ಪೆ, ಸುಡುಗಾಡಿನ ಹೆಸರಿಟ್ಟರೆ ಸಾವು ಈ ಕೂಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ನಂಬಿಕೆ ಇತ್ತು. ಸುಡುಗಾಡಪ್ಪ ಎಂಬ ಹೆಸರು ಕೇಳಿ ಮೊದಲು ನಗು ಬರುತ್ತದೆ. ಅದನ್ನಿಟ್ಟ ತಾಯಿಯ ಭಯ ನೆನಪಾದರೆ ನಗು ನಿಲ್ಲುತ್ತದೆ.

ಇನಿಷಿಯಲ್ಲಿಗೂ ಕನ್ನಡ ಅಕ್ಷರವನ್ನೇ ಬಳಸಿದವರಿದ್ದರು. ಅರಕಲಗೂಡು ನರಸಿಂಗರಾಯರ ಮಗ ಕೃಷ್ಣರಾಯರು ಎ.ಎನ್.ಕೆ. ಆಗದೆ ಅ.ನ.ಕೃ. ಆದರು. ತಳುಕಿನ ಸುಬ್ಬರಾಯರು ತ.ರಾ.ಸು. ಆದರು. ಕಚೇರಿಯ ಕಾಗದದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರವೇ ಗೆದ್ದಿತು.

ಅಲ್ಲಿಯವರೆಗೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಅರ್ಜಿಯ ಚೌಕದಿಂದ. 1990ರ ದಶಕದಲ್ಲಿ ಬೆಂಗಳೂರಿನ ಎಂಜಿನಿಯರುಗಳು ಅಮೆರಿಕಕ್ಕೆ ಹೊರಟಾಗ ಸರ್‌ನೇಮ್ ಎಂಬ ಚೌಕ ಅವರ ಎದುರಿಗೆ ನಿಂತಿತು. ಅದರಲ್ಲಿ ಏನಾದರೂ ಬರೆಯಲೇಬೇಕು. ಊರು ಬರೆದವರುಂಟು, ಅಪ್ಪನ ಹೆಸರು ಬರೆದವರು ಹೆಚ್ಚು. ಅಲ್ಲಿಂದ ಆಚೆಯ ಕಚೇರಿ ಆ ಹುಡುಗನನ್ನು ಮಿಸ್ಟರ್ ದೊಡ್ಡೇಗೌಡ, ಮಿಸ್ಟರ್ ಪುಟ್ಟಸ್ವಾಮಿ ಎಂದು ಕರೆಯಿತು. ಅಪ್ಪನ ಹೆಸರನ್ನು ಬಾಯಲ್ಲಿ ಎತ್ತದೆ ಬೆಳೆದ ಹುಡುಗ ದಿನವಿಡೀ ಅಪ್ಪನ ಹೆಸರಿಗೆ ಓಗೊಡಬೇಕಾಯಿತು. ಅಪ್ಪ ಅತ್ತ ಊರಲ್ಲಿ ಗದ್ದೆಗೆ ನೀರು ಬಿಡುತ್ತಿದ್ದಾನೆ, ಅವನ ಹೆಸರು ಇತ್ತ ವಿಮಾನ ನಿಲ್ದಾಣದ ಧ್ವನಿವರ್ಧಕದಲ್ಲಿ ಕೇಳುತ್ತಿದೆ. ತಾತ, ಅಪ್ಪ, ಮಗ ಮೂವರೂ ಒಟ್ಟಿಗೆ ವೀಸಾಕ್ಕೆ ಹೋದರೆ ಮೂರು ಸರ್‌ನೇಮ್, ಸೊಸೆಗೆ ನಾಲ್ಕನೆಯದು. ಇವರೆಲ್ಲ ಒಂದೇ ಮನೆಯವರೇ ಎಂಬ ಪ್ರಶ್ನೆಗೆ ಉತ್ತರ ಅರ್ಜಿಯಲ್ಲಿ ಹಿಡಿಸುವುದಿಲ್ಲ. ಚೌಕ ತುಂಬದವರ ಇದ್ದೊಂದು ಹೆಸರು ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಆಯಿತು, ಮೊದಲ ಹೆಸರಿನ ಜಾಗಕ್ಕೆ ಎಫ್.ಎನ್.ಯು. ಎಂದು ಬಂತು. ‘ಮೊದಲ ಹೆಸರು ತಿಳಿದಿಲ್ಲ’ ಎಂದು ಅದರ ಅರ್ಥ. ನಾಮಕರಣದ ದಿನ ತೊಟ್ಟಿಲ ಸುತ್ತ ನಿಂತವರೆಲ್ಲ ಕಿವಿಯಲ್ಲಿ ಉಸುರಿದ ಹೆಸರದು.

ಊರಲ್ಲೇ ಉಳಿದವರಿಗೂ ಚೌಕ ಬಂತು. ಪಾನ್ ಅರ್ಜಿ ಇನಿಷಿಯಲ್ ಬೇಡ, ಬಿಡಿಸಿ ಬರೆಯಿರಿ ಎಂದಿತು. ಇರುವುದೊಂದೇ ಹೆಸರಾದರೆ ಅದೇ ಸರ್‌ನೇಮ್ ಚೌಕಕ್ಕೆ ಹೋಯಿತು. 2010ರಲ್ಲಿ ಶುರುವಾದ ಆಧಾರ್ ಹೆಸರಿಗೆ ಒಂದೇ ಸಾಲು ಇಟ್ಟಿತು, ಅದರಲ್ಲಿ ಯಾರು ಹೇಗೆ ಹೇಳಿದರೋ ಹಾಗೆ ಕೂತಿತು. 2017ರಲ್ಲಿ ಇವೆರಡನ್ನೂ ಜೋಡಿಸಬೇಕು ಎಂದಾದಾಗ ಗಂಟು ಬಿತ್ತು. ಗಡುವು ಮುಂದಕ್ಕೆ ಹೋಗುತ್ತ 2023ರ ಜೂನ್ 30ಕ್ಕೆ ನಿಂತಿತು. ಈ ನಡುವೆ, 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಭೇಟಿ ವೀಸಾ ಇಲ್ಲ ಎಂದು ಯುಎಇ ಹೇಳಿತು. ಉಳ್ಳಾಗಡ್ಡಿ, ಮೆಣಸಿನಕಾಯಿಯವರು ಇಷ್ಟೂ ದಿನ ಆರಾಮವಾಗಿದ್ದರು. ಚೌಕ ಮಾಡಿದವರು ಕೆಟ್ಟವರಲ್ಲ, ಅವರ ಮನೆಗಳಲ್ಲಿ ಹೆಸರು ಹಾಗೆಯೇ ಇತ್ತು. ಆದರೆ ಅಗಲವಾಗಬೇಕಿದ್ದುದು ಚೌಕ. ಕತ್ತರಿ ಬಿದ್ದದ್ದು ಹೆಸರಿಗೆ.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ಮರಳಿತು. ಬೆಂಗಳೂರಿನ ‘ಬಿ’, ಮೈಸೂರಿನ ‘ಎಂ’ ಹಾಗೆಯೇ ಉಳಿದವು. ಅಕ್ಷರವೇ ಬದಲಾದದ್ದು ಎರಡು ಊರಿಗೆ. ಗುಲ್ಬರ್ಗದ ‘ಜಿ’ ಕಲಬುರಗಿಯ ‘ಕೆ’ ಆಯಿತು, ಬಿಜಾಪುರದ ‘ಬಿ’ ವಿಜಯಪುರದ ‘ವಿ’ ಆಯಿತು.

ಅಷ್ಟರಲ್ಲಿ ಬೆಂಗಳೂರು ಹಳ್ಳಿಗಳನ್ನೇ ಇನಿಷಿಯಲ್ ಮಾಡಿಟ್ಟಿತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿಟಿಎಂ ಆದವು. ‘ಸಂದ್ರ’ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ತಾವರೆಕೆರೆಗೆ ವಿವರಣೆ ಬೇಕಿಲ್ಲ. ಎರಡು ಕೆರೆಗಳೂ ಬಟ್ಟೆ ಒಗೆಯುವವರ ಊರೂ ಮೂರು ಅಕ್ಷರದಲ್ಲಿ ಮುಚ್ಚಿಹೋಗಿವೆ. ಹೊಸೂರು, ಸರ್ಜಾಪುರ ಎಚ್‌ಎಸ್‌ಆರ್ ಎಂಬುದರೊಳಗಿವೆ. ಆರ್.ಟಿ. ನಗರದಲ್ಲಿ ರವೀಂದ್ರನಾಥ ಟ್ಯಾಗೋರರೂ ಜೆ.ಪಿ. ನಗರದಲ್ಲಿ ಜಯಪ್ರಕಾಶ ನಾರಾಯಣರೂ ಇದ್ದಾರೆ ಎಂಬುದು ಅಲ್ಲಿ ಮನೆ ಹುಡುಕುವವರ ಕಿವಿಗೆ ಬೀಳುವುದೇ ಇಲ್ಲ.

ನನ್ನ ಪರಿಚಯದ ದಂಪತಿ ಬಿಟಿಎಂ ಬಡಾವಣೆಯಲ್ಲಿ ಹುಟ್ಟಿದ ಮಗಳಿಗೆ ಹಳೆಯ ಕ್ರಮದಲ್ಲೇ ಊರಿನ ಇನಿಷಿಯಲ್ ಇಟ್ಟಿದ್ದಾರೆ. ಶಾಲೆಯ ಅರ್ಜಿ ನೋಡಿದವರು ‘ಬಿ’ ಎಂದರೆ ಬೆಂಗಳೂರೇ ಎಂದು ಕೇಳಿದರಂತೆ. ಅಲ್ಲ, ಬೈರಸಂದ್ರ ಎಂದು ಮಗುವೇ ಹೇಳಿತಂತೆ.