ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ

"ಮೇಡಂ, ರೆಟ್ರೋಗೆ ಹೊಸ ಆಟ ಏನಾದ್ರೂ ಇದ್ರೆ ಹೇಳಿಕೊಡಿ. ಹಳೇದೆಲ್ಲ ಬೋರ್ ಆಗೋಗಿದೆ."

ಅಜೈಲ್ ಎಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುತ್ತಾ ಹೋಗುವ ಪದ್ಧತಿ. ಒಂದೆರಡು ವಾರದ ಒಂದು ಕಂತಿಗೆ ಸ್ಪ್ರಿಂಟ್ ಎನ್ನುತ್ತಾರೆ, ಅದು ಮುಗಿದ ಮೇಲೆ ಏನಾಯಿತೆಂದು ತಂಡ ಹಿಂದಿರುಗಿ ನೋಡುವ ಸಭೆಯೇ ರೆಟ್ರೋ. ಅಂಥ ತಂಡಗಳನ್ನು ನಡೆಸುವವರಿಗೆ ಫೆಸಿಲಿಟೇಶನ್, ಅಂದರೆ ಸಭೆ ನಡೆಸಿಕೊಡುವುದು, ಮತ್ತು ಕೋಚಿಂಗ್ ಕಲಿಸುವುದು ನನ್ನ ಕೆಲಸ. ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯವರೇ ಹೆಚ್ಚು ಬರುತ್ತಾರೆ. ಬೆಳಗಿನ ಟ್ರೇನು ಹಿಡಿದು ವೈಟ್‌ಫೀಲ್ಡಿಗೆ ಹೋಗಿಬರುವವರು ಕೆಲವರು. ಲಾಕ್‌ಡೌನಿನಲ್ಲಿ ಊರಿಗೆ ಬಂದವರು ಮನೆಯಿಂದಲೇ ಕೆಲಸ ಮುಂದುವರಿಸಿದ್ದಾರೆ. ಇಲ್ಲೇ ಸಣ್ಣ ಆಫೀಸು ಮಾಡಿಕೊಂಡು ಮಂಡಿಗಳಿಗೆ, ಶಾಲೆಗಳಿಗೆ, ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವರೂ ಇದ್ದಾರೆ. ಯಾರೇ ಬರಲಿ, ಮೊದಲ ದಿನ ಊಟದ ಹೊತ್ತಿಗೆ ಈ ಆಟದ ಬೇಡಿಕೆ ಬಂದೇ ಬರುತ್ತದೆ. ಬೋರ್ಡಿನ ಮೇಲೆ ದೋಣಿ ಬರೆದು ಗಾಳಿ ಯಾವುದು, ಲಂಗರು ಯಾವುದು ಎಂದು ಕೇಳಿದ್ದಾಗಿದೆ. ಬಣ್ಣದ ಚೀಟಿ ಅಂಟಿಸಿದ್ದಾಗಿದೆ. ಇನ್ನೇನಿದೆ ಎಂದು ಕೇಳುತ್ತಾರೆ.

ಇನ್ನೊಂದು ಆಟ ಕೊಟ್ಟರೆ ಅದೂ ಮೂರು ಸ್ಪ್ರಿಂಟಿಗೆ ಹಳತಾಗುತ್ತದೆ. ತೊಂದರೆ ಆಟದಲ್ಲಿಲ್ಲ. ಸಭೆ ನಡೆಸುವವರು ಪ್ರಶ್ನೆ ಕೇಳುವಾಗಲೇ ತಮ್ಮ ಉತ್ತರವನ್ನು ಅದರೊಳಗೆ ಇಟ್ಟುಬಿಡುತ್ತಾರೆ. ಎದುರಿಗಿದ್ದವರು ಯೋಚಿಸಲು ತಲೆ ತಗ್ಗಿಸಿದ ಕೂಡಲೇ, ಯಾರೂ ಮಾತಾಡುತ್ತಿಲ್ಲವೆಂದುಕೊಂಡು ತಾವೇ ಮಾತು ಮುಂದುವರಿಸುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ. ಹಾಗಾಗಿ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ. 

"ಟೆಸ್ಟಿಂಗ್ ಸ್ವಲ್ಪ ಬೇಗ ಶುರು ಮಾಡಿದ್ರೆ ಒಳ್ಳೇದಲ್ವಾ?" ವಾಕ್ಯದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇದೆ, ಆದರೆ ಇಲ್ಲಿ ಯಾರೂ ಏನನ್ನೂ ಕೇಳಿಲ್ಲ. ತಂಡದ ಸಭೆಗಳನ್ನು ನಡೆಸುವ ಸ್ಕ್ರಮ್ ಮಾಸ್ಟರ್ ತನ್ನ ತೀರ್ಮಾನ ಹೇಳಿ ಒಪ್ಪಿಗೆ ಬೇಡಿದ್ದಾನೆ. ಒಪ್ಪಿಗೆ ಸಿಗುತ್ತದೆ. ನಮ್ಮ ಕಡೆ ದೊಡ್ಡವರು "ಅಲ್ವಾ" ಅಂದರೆ "ಹೌದು ಸಾರ್" ಅನ್ನದೆ ಇರುವವರು ಕಡಿಮೆ. "ಮ್ಯಾನೇಜರ್ ಹತ್ರ ಒಂದ್ಸಲ ಮಾತಾಡಿ ನೋಡಿದ್ರಾ?" ಎಂಬುದೂ ಇದೇ ಜಾತಿ, "ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ?" ಎಂಬುದೂ ಇದೇ ಜಾತಿ. ಮೊದಲನೆಯದು ಸಲಹೆ, ಎರಡನೆಯದು ಬೈಗುಳ. ಎರಡಕ್ಕೂ ಪ್ರಶ್ನೆಯ ವೇಷ.

ಒಂದು ತಂಡದ ಕತೆ ಹೇಳಿದರೆ ಸ್ಪಷ್ಟವಾದೀತು. ಕೋಲಾರ ಪಟ್ಟಣದಲ್ಲೇ ಆಫೀಸು. ಟೊಮೆಟೊ ಮಂಡಿಯ ಹರಾಜಿನ ಲೆಕ್ಕ ಇಡುವ ಆ್ಯಪ್ ಮಾಡುತ್ತಿದ್ದರು. ಪ್ರತಿ ಸ್ಪ್ರಿಂಟಿನ ಕೊನೆಗೂ ಟೆಸ್ಟಿಂಗ್ ಉಳಿದುಹೋಗುತ್ತಿತ್ತು. ಪ್ರತಿ ರೆಟ್ರೋದಲ್ಲೂ ಸ್ಕ್ರಮ್ ಮಾಸ್ಟರ್ ಹುಡುಗ ಮೇಲಿನ "ಅಲ್ವಾ" ಪ್ರಶ್ನೆ ಕೇಳುತ್ತಿದ್ದ, ಎಲ್ಲರೂ ತಲೆಯಾಡಿಸುತ್ತಿದ್ದರು, ಬೋರ್ಡಿನ ಮೇಲೆ "ಟೆಸ್ಟಿಂಗ್ ಬೇಗ" ಎಂದು ಬರೆದುಕೊಳ್ಳುತ್ತಿದ್ದರು. ಮುಂದಿನ ಸಲವೂ ಅದೇ ಸಾಲು. ಒಳ್ಳೆಯ ಹುಡುಗ. ತಂಡದ ಬಗ್ಗೆ ನಿಜವಾದ ಕಾಳಜಿ ಇದ್ದವನು, ರಾತ್ರಿ ಕೂತು ಬೇರೆಯವರ ಕೋಡ್ ಸರಿಮಾಡಿಕೊಡುತ್ತಿದ್ದವನು. ಅವನ ಕೇಳಿಕೆಯ ಮೇಲೆ ಒಂದು ರೆಟ್ರೋ ನಾನು ನಡೆಸಿದೆ. ಕೇಳಿದ್ದು ಇಷ್ಟೇ: "ಈ ಎರಡು ವಾರದಲ್ಲಿ ಯಾವ ಕೆಲಸ ಎಲ್ಲೆಲ್ಲಿ ನಿಂತುಕೊಂಡಿತ್ತು?" ಕೇಳಿ ಸುಮ್ಮನೆ ಕೂತೆ. ಹುಡುಗ ಬಾಯಿ ತೆಗೆಯಲು ಹೊರಟ, ಕೈಸನ್ನೆಯಲ್ಲಿ ತಡೆದೆ. ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಕೊನೆಗೆ ಮೂಲೆಯಲ್ಲಿದ್ದ ಟೆಸ್ಟರ್ ಹುಡುಗಿ, ಶ್ರೀನಿವಾಸಪುರದ ಕಡೆಯವಳು, ಮೆಲ್ಲಗೆ ಶುರುಮಾಡಿದಳು. ರೈತ ತಂದ ಒಂದೇ ಲಾಟನ್ನು ಕೆಲವೊಮ್ಮೆ ಇಬ್ಬರು ವ್ಯಾಪಾರಿಗಳು ಹಂಚಿಕೊಂಡು ಕೊಳ್ಳುತ್ತಾರೆ. ಆ್ಯಪಿನಲ್ಲಿ ಒಂದು ಲಾಟಿಗೆ ಒಬ್ಬನೇ ಖರೀದಿದಾರ. ಮಂಡಿಯ ಗುಮಾಸ್ತರು ಬೇರೆ ದಾರಿ ಕಾಣದೆ ಒಂದೇ ಲಾಟನ್ನು ಎರಡು ಸಲ ಬರೆಯುತ್ತಾರೆ. ಬಾಕ್ಸಿನ ಲೆಕ್ಕ ಹೊಂದುವುದಿಲ್ಲ. ಅವಳು ಕೂತು ಒಂದೊಂದೇ ಚೀಟಿ ತಾಳೆ ನೋಡಿದ ಮೇಲೆ ಟೆಸ್ಟಿಂಗ್ ಶುರು. ಬೇಗ ಶುರು ಮಾಡುವುದು ಅವಳ ಕೈಯಲ್ಲಿ ಇರಲೇ ಇಲ್ಲ.

"ಇದು ನಿನಗೆ ಯಾವಾಗಿಂದ ಗೊತ್ತಮ್ಮಾ?" ಅಂದೆ.

"ಮೊದಲಿಂದಾನೂ ಗೊತ್ತು ಮೇಡಂ. ನಮ್ಮಪ್ಪ ಟೊಮೆಟೊನೇ ಹಾಕೋದು, ಎಷ್ಟೋ ಸಲ ಮಂಡಿಗೆ ಹೋಗಿದೀನಿ. ಇಲ್ಲಿ ಟೆಸ್ಟಿಂಗ್ ಬೇಗ ಮಾಡ್ಬೇಕಾ ಬೇಡ್ವಾ ಅಂತ ಕೇಳ್ತಿದ್ರು. ಮಾಡ್ಬೇಕು ಅಂತಿದ್ದೆ."

ಅವಳ ಉತ್ತರದಲ್ಲಿ ತಪ್ಪೇನಿದೆ? ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದ್ದಾಳೆ.

ಈಗ ಆ ಮೌನದ ವಿಚಾರ. ಅಮೆರಿಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ಶಾಲಾ ತರಗತಿಗಳ ಧ್ವನಿಮುದ್ರಣ ಕೇಳಿ ಅಧ್ಯಯನ ಮಾಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಹೆಚ್ಚುಕಡಿಮೆ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ತಾವಾಗಿ ಬಾಯಿಬಿಡುವ ಮಕ್ಕಳು ಹೆಚ್ಚಾದರು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಶಾಲೆಯಲ್ಲಿ ಕಂಡದ್ದು ಆಫೀಸಿನಲ್ಲೂ ಹಾಗೇ ನಡೆಯುತ್ತದೆಂದು ಖಾತರಿ ಕೊಡಲಾರೆ. ನನ್ನ ಅನುಭವ ಹೇಳುವುದಾದರೆ, ದೊಡ್ಡವರಿಗೆ, ಅದರಲ್ಲೂ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮೀಟಿಂಗಿನಲ್ಲಿ ಇಂಗ್ಲಿಷ್ ಎಂದು ಬದುಕುವ ನಮ್ಮ ಜಿಲ್ಲೆಯವರಿಗೆ, ಮೂರು ಸೆಕೆಂಡು ಸಾಲದು. ಮನಸ್ಸಿನಲ್ಲಿ ನಿಧಾನವಾಗಿ ಹತ್ತರವರೆಗೆ ಎಣಿಸಿ. ನಿಮಗೆ ಅದು ಯುಗದಂತೆ ಅನ್ನಿಸುತ್ತದೆ. ಯೋಚಿಸುತ್ತಿರುವವರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಜೊತೆಗೆ, ರೆಟ್ರೋ ಯಾವ ಭಾಷೆಯಲ್ಲಿ ನಡೆಯಬೇಕೆಂದು ತಂಡವನ್ನೇ ಕೇಳಿ. ಚೆನ್ನೈಯವರೋ ಪುಣೆಯವರೋ ಆನ್‌ಲೈನ್ ಇದ್ದರೆ ಇಂಗ್ಲಿಷ್ ಬೇಕಾದೀತು. ಕೋಣೆಯಲ್ಲಿ ಇರುವವರೆಲ್ಲ ಮುಳಬಾಗಿಲು, ಮಾಲೂರಿನವರೇ ಆಗಿದ್ದರೆ ಯಾರಿಗಾಗಿ ಇಂಗ್ಲಿಷಿನಲ್ಲಿ ಒದ್ದಾಡಬೇಕು?

ಇದೆಲ್ಲ ಹೊರದೇಶದ ವಿದ್ಯೆ, ನಮ್ಮವರಿಗೆ ಒಗ್ಗುವುದಿಲ್ಲ ಅನ್ನುವವರಿದ್ದಾರೆ. 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದದ್ದು ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡಿನಲ್ಲಿ, 2001ರ ಫೆಬ್ರವರಿಯಲ್ಲಿ, ನಿಜ. ಆದರೆ ಅದಕ್ಕೂ ಸುಮಾರು ಹತ್ತು ವರ್ಷ ಮುಂಚೆಯೇ ಮೈರಾಡದಂಥ ಗ್ರಾಮಾಭಿವೃದ್ಧಿ ಸಂಸ್ಥೆಗಳ ಕಾರ್ಯಕರ್ತರು ಕರ್ನಾಟಕದ ಹಳ್ಳಿಗಳಲ್ಲಿ ಪಿ.ಆರ್.ಎ. ಎಂಬ ಸಹಭಾಗಿ ಸಮೀಕ್ಷೆ ನಡೆಸುತ್ತಿದ್ದರು. ಊರಿನವರು ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಬೀಜ ಇಟ್ಟು ತಮ್ಮ ಊರಿನ ನಕ್ಷೆ ತಾವೇ ಬರೆಯುತ್ತಿದ್ದರು. ಯಾವ ಬಾವಿ ಬತ್ತಿದೆ, ಯಾರ ಮನೆಗೆ ಹೊಲವಿಲ್ಲ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಈ ವಿಧಾನವನ್ನು ಜಗತ್ತಿಗೆಲ್ಲ ಹರಡಿದ ರಾಬರ್ಟ್ ಚೇಂಬರ್ಸ್ ಮತ್ತು ಅವರ ಜೊತೆಗಾರರು ಕಾರ್ಯಕರ್ತರಿಗೆ ಹೇಳುತ್ತಿದ್ದ ಮುಖ್ಯ ಪಾಠ, ಕೈಯಲ್ಲಿರುವ ಕೋಲನ್ನು ಊರಿನವರಿಗೆ ಕೊಟ್ಟುಬಿಡಿ ಎಂಬುದು. ಕೋಲು ಕೊಟ್ಟವರು ಹಿಂದೆ ಸರಿದು ಕೂರಬೇಕು, ನಡುವೆ ಬಾಯಿ ಹಾಕಬಾರದು. ನಿಮ್ಮ ಕೈಯಲ್ಲಿರುವ ಮಾರ್ಕರಿಗೂ ಇದೇ ನಿಯಮ. ನಾನಂತೂ ರೆಟ್ರೋ ಶುರುವಾದ ಮೇಲೆ ಬೋರ್ಡಿನ ಮೇಲೆ ಬರೆಯುವುದೇ ಇಲ್ಲ. ಹೇಳಿದವರೇ ಎದ್ದು ಬಂದು ಬರೆಯುತ್ತಾರೆ. ನಾನು ಬರೆದರೆ ಅವರ ಮಾತನ್ನು ನನಗೆ ಬೇಕಾದಂತೆ ತಿದ್ದಿಯೇ ಬರೆಯುತ್ತೇನೆ, ಎಷ್ಟು ಎಚ್ಚರ ವಹಿಸಿದರೂ.

ಒಬ್ಬೊಬ್ಬರ ಜೊತೆ ಕೂತು ಮಾಡುವ ಕೋಚಿಂಗಿನಲ್ಲಿ ತಾವೇ ಉತ್ತರ ಹೇಳಿಬಿಡುವ ಈ ಚಟ ಇನ್ನೂ ಜೋರು. ಬ್ರಿಟನ್ನಿನ ಕೋಚ್ ಜಾನ್ ವಿಟ್‌ಮೋರ್ 1992ರಲ್ಲಿ ಜನಪ್ರಿಯಗೊಳಿಸಿದ 'ಗ್ರೋ' ಎಂಬ ನಾಲ್ಕು ಹಂತಗಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ: ಗುರಿ, ಈಗಿನ ಸ್ಥಿತಿ, ಇರುವ ದಾರಿಗಳು, ಮಾಡುವ ಸಂಕಲ್ಪ. ಆದರೆ ಗುರಿ ಕೇಳಿದ ಎರಡೇ ನಿಮಿಷಕ್ಕೆ ದಾರಿಗೆ ಹಾರುತ್ತಾರೆ, ಏಕೆಂದರೆ ದಾರಿ ಹೇಳಲು ನಾಲಿಗೆ ತುರಿಸುತ್ತಿರುತ್ತದೆ. ಈಗಿನ ಸ್ಥಿತಿಯಲ್ಲಿ ಹೆಚ್ಚು ಹೊತ್ತು ನಿಲ್ಲಿ. "ಇಲ್ಲಿವರೆಗೆ ಏನೇನು ಮಾಡಿ ನೋಡಿದಿರಿ? ಆಗ ಏನಾಯಿತು?" ಎಂದು ಕೇಳಿ. ನೀವು ಕೊಡಲು ಹೊರಟ ಸಲಹೆಯನ್ನು ಅವರು ಆರು ತಿಂಗಳ ಹಿಂದೆಯೇ ಪ್ರಯತ್ನಿಸಿ ಕೈಬಿಟ್ಟಿರುವ ಸಾಧ್ಯತೆ ಸಾಕಷ್ಟಿದೆ. "ಯಾಕೆ ಲೇಟಾಯ್ತು" ಎಂದು ಕೇಳಿದರೆ ನೆಪ ಬರುತ್ತದೆ. "ಏನು ಅಡ್ಡ ಬಂತು" ಎಂದು ಕೇಳಿದರೆ ಮಾಹಿತಿ ಬರುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವರು ಮತ್ತೊಂದು ತುದಿಗೆ ಹೋಗುತ್ತಾರೆ. ಎಲ್ಲದಕ್ಕೂ ಮರುಪ್ರಶ್ನೆ ಹಾಕುತ್ತಾ ಜೀವ ತಿನ್ನುತ್ತಾರೆ. ಸರ್ವರ್ ಬಿದ್ದಿದೆ, ಗಿರಾಕಿ ಫೋನ್ ಮೇಲೆ ಫೋನ್ ಮಾಡುತ್ತಿದ್ದಾನೆ, ಆಗ "ನಿನಗೇನನ್ನಿಸುತ್ತೆ?" ಎಂದು ಕೇಳಬೇಡಿ. ಗೊತ್ತಿರುವವರು ಗೊತ್ತಿರುವುದನ್ನು ಹೇಳಿ, ಮೊದಲು ಕೆಲಸ ಆಗಲಿ. ಹೊಸದಾಗಿ ಸೇರಿದವನಿಗೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬರುವುದಿಲ್ಲ ಎಂದರೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ, ಅಲ್ಲಿ ಕೋಚಿಂಗಿಗೆ ಕೆಲಸವಿಲ್ಲ. ನಮ್ಮ ಸಣ್ಣ ಆಫೀಸುಗಳಲ್ಲಿ ಸ್ಕ್ರಮ್ ಮಾಸ್ಟರೇ ಹಿರಿಯ ಡೆವಲಪರ್ ಕೂಡ ಆಗಿರುತ್ತಾರೆ, ಅವರಿಗೆ ಅಭಿಪ್ರಾಯ ಇರಲೇಬಾರದು ಎಂದರೆ ಹೇಗೆ? ಇದ್ದರೆ ನೇರವಾಗಿ ಹೇಳಿ: "ಈಗ ಡೆವಲಪರ್ ಆಗಿ ಒಂದು ಮಾತು ಹೇಳ್ತೀನಿ, ಒಪ್ಪಲೇಬೇಕು ಅಂತಿಲ್ಲ." ಹೇಳುವುದನ್ನು ಎಲ್ಲರ ಮಾತು ಮುಗಿದ ಮೇಲೆ ಹೇಳಿ.

ಇನ್ನೊಂದು ಎಚ್ಚರಿಕೆ. ಕೋಚಿಂಗ್ ಮಾಡುವಾಗ ಎದುರಿಗಿರುವವರು ನಿದ್ದೆಯಿಲ್ಲದೆ, ಊಟ ಸೇರದೆ, ಬದುಕೇ ಬೇಡವೆನ್ನುವ ಮಾತಾಡಿದರೆ ಅಲ್ಲಿಗೆ ನಿಲ್ಲಿಸಿ. ನಾವು ವೈದ್ಯರಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರು ಕೊಟ್ಟು, ಸಾಧ್ಯವಾದರೆ ಆ ಫೋನು ಮಾಡುವವರೆಗೂ ಜೊತೆಗಿರಿ.

ಸುಮ್ಮನಿದ್ದರೂ ಯಾರೂ ಮಾತಾಡದ ತಂಡಗಳಿವೆ. ಅದು ಯೋಚನೆಯ ಮೌನವಲ್ಲ, ಭಯದ್ದು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಕಡಿಮೆ ಇತ್ತು. ಅಜೈಲ್ ಪ್ರಣಾಳಿಕೆ ಬಂದ ಅದೇ 2001ರ ಫೆಬ್ರವರಿಯ ಕೊನೆಗೆ ನಮ್ಮ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಆ ಮನೆಗಳ ಮಕ್ಕಳು ಈಗ ಬೆಂಗಳೂರಿನ ಟ್ರೇನು ಹತ್ತುತ್ತಾರೆ, ನನ್ನ ತರಗತಿಗೂ ಬರುತ್ತಾರೆ. ಕೆಲಸ ಹೋದರೆ ಮನೆ ಏನಾಗುತ್ತದೆಂದು ಕಣ್ಣಾರೆ ಕಂಡವರು. ಸಂಬಳದ ಕಾಗದಕ್ಕೆ ಸಹಿ ಹಾಕುವವರು ಕೋಣೆಯಲ್ಲೇ ಕೂತಿರುವಾಗ ಅವರು ಬಾಯಿಬಿಡಬೇಕೆಂದು ಬಯಸುವುದು ಅನ್ಯಾಯ. ಮ್ಯಾನೇಜರನ್ನು ಹೊರಗೆ ಕಳಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ. ಕೆಲವರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ಹೊರಗೆ ಕಳಿಸಲು ಆಗದಿದ್ದರೆ, ಮೊದಲು ಒಂದು ನಿಮಿಷ ಪ್ರತಿಯೊಬ್ಬರೂ ತಾವೇ ಕಾಗದದಲ್ಲಿ ಬರೆದುಕೊಳ್ಳಲಿ, ಆಮೇಲೆ ಎರಡು ನಿಮಿಷ ಇಬ್ಬಿಬ್ಬರು, ನಾಲ್ಕು ನಿಮಿಷ ನಾಲ್ವರು ಮಾತಾಡಿಕೊಳ್ಳಲಿ, ಕೊನೆಗೆ ಐದು ನಿಮಿಷ ಎಲ್ಲರೂ ಸೇರಲಿ. ಆ ಹೊತ್ತಿಗೆ ಒಂದು ಮಾತು ನಾಲ್ವರ ಮಾತಾಗಿರುತ್ತದೆ, ಯಾರೊಬ್ಬರ ತಲೆಯ ಮೇಲೂ ಬರುವುದಿಲ್ಲ. ಇದರಿಂದಲೂ ಎಲ್ಲ ತಂಡಗಳ ಭಯ ಹೋಗುತ್ತದೆಂದು ಹೇಳಲಾರೆ. ಮೊದಲು ಹೇಳಿದವರಿಗೆ ಆಮೇಲೆ ಏನಾಯಿತು ಎಂಬುದನ್ನು ಉಳಿದವರು ನೋಡುತ್ತಿರುತ್ತಾರೆ.

ಹೊಸ ಆಟ ಕೇಳುವವರಿಗೆ ನಾನು ಕೊಡುವ ಅಭ್ಯಾಸ ಒಂದೇ. ಮುಂದಿನ ರೆಟ್ರೋದಲ್ಲಿ ತಂಡದ ಒಬ್ಬರಿಗೆ ಕಾಗದ, ಪೆನ್ನು ಕೊಡಿ. ನೀವು ಕೇಳಿದ ಪ್ರತಿ ಪ್ರಶ್ನೆಯನ್ನೂ ಅವರು ನೀವು ಆಡಿದಂತೆಯೇ ಬರೆದುಕೊಳ್ಳಲಿ, ಆ ಪ್ರಶ್ನೆಯ ನಂತರ ಮೊದಲು ಬಾಯಿಬಿಟ್ಟವರು ಯಾರು ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಲಿ. ಧ್ವನಿ ರೆಕಾರ್ಡ್ ಮಾಡುವುದಾದರೆ ಪ್ರತಿಯೊಬ್ಬರ ಒಪ್ಪಿಗೆ ಪಡೆಯಿರಿ, ಕೇಳಿದ ಮೇಲೆ ಅಳಿಸಿಬಿಡಿ. ಸಭೆ ಮುಗಿದ ಮೇಲೆ ಆ ಕಾಗದವನ್ನು ಒಬ್ಬರೇ ಕೂತು ಓದಿ. ನಿಮಗೆ ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆಗಳನ್ನು ಹೊಡೆದುಹಾಕಿ, ಉಳಿದವುಗಳಿಂದ ಮುಂದಿನ ರೆಟ್ರೋ ಶುರುಮಾಡಿ.