ಮಿನಿ ಟ್ರ್ಯಾಕ್ಟರಿನ ಕುಂಟೆ: ಟಾಪ್ ಲಿಂಕ್ ಯಾವಾಗ ಎಳೆಯುತ್ತದೆ, ಯಾವಾಗ ತಳ್ಳುತ್ತದೆ

ಮಿನಿ ಟ್ರ್ಯಾಕ್ಟರಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಕುಂಟೆ ಮಾಡಿಸಲು ಹೊರಟವರಿಗೆ, ಇಲ್ಲವೇ ವೆಲ್ಡಿಂಗ್ ಮಷಿನ್ ಕೊಂಡು ತಾವೇ ಕೈ ಹಾಕಿದವರಿಗೆ ಈ ಟಿಪ್ಪಣಿ. ನಾನೂ ಇನ್ನೂ ಕಲಿಯುತ್ತಿರುವವನೇ. ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಚಾನೆಲ್ ಕತ್ತರಿಸುವುದು, ತೂತು ಕೊರೆಯುವುದು, ಚೌಕ ಹಿಡಿದು ಟ್ಯಾಕ್ ಹಾಕುವುದು ಇವನ್ನೆಲ್ಲ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಒಂದು ವಾರ ನಿಂತು ನೋಡಿದರೆ ಅವು ಕೈಗೆ ಬರುತ್ತವೆ. ಬಲ ಯಾವ ಕಡೆಯಿಂದ ಬಂದು ಯಾವ ಕಬ್ಬಿಣದ ಮೇಲೆ ಬೀಳುತ್ತದೆ ಎನ್ನುವುದು ಮಾತ್ರ ನೋಡಿದರೆ ಕಾಣುವುದಿಲ್ಲ. ಕೂತು ಲೆಕ್ಕ ಹಾಕಬೇಕು.

ಮೊದಲು ಅಳತೆ

ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿ: ಕೆಳಗೆ ಎಡಕ್ಕೊಂದು ಬಲಕ್ಕೊಂದು ಲೋವರ್ ಲಿಂಕ್, ಮೇಲೆ ನಡುವೆ ಒಂದು ಟಾಪ್ ಲಿಂಕ್. ಕ್ಯಾಟಗರಿ 1ರ (ಚಿಕ್ಕ ಟ್ರ್ಯಾಕ್ಟರುಗಳ ಕೊಂಡಿಗೆ ಗೊತ್ತುಮಾಡಿದ ಅಳತೆ) ಲೆಕ್ಕದಲ್ಲಿ ಕೆಳಗಿನ ಪಿನ್ 22 ಮಿ.ಮೀ., ಮೇಲಿನ ಪಿನ್ 19 ಮಿ.ಮೀ., ಕೆಳಗಿನ ಪಿನ್ನಿನಿಂದ ಮೇಲಿನ ಪಿನ್ನಿಗೆ ಎತ್ತರ 46 ಸೆಂ.ಮೀ. ಮಿನಿ ಟ್ರ್ಯಾಕ್ಟರುಗಳಲ್ಲಿ ಎರಡು ಲೋವರ್ ಲಿಂಕ್‌ಗಳ ನಡುವಿನ ಅಗಲ ಒಂದೊಂದರಲ್ಲಿ ಒಂದೊಂದು ರೀತಿ, ಕೆಲವದರಲ್ಲಿ ತೀರ ಕಿರಿದು. ಆದ್ದರಿಂದ ಪಕ್ಕದ ಹೊಲದವರ ಕುಂಟೆಯ ಅಳತೆ ತರಬೇಡಿ, ನಿಮ್ಮ ಟ್ರ್ಯಾಕ್ಟರಿಗೇ ಟೇಪು ಹಿಡಿಯಿರಿ. ದೊಡ್ಡ ಟ್ರ್ಯಾಕ್ಟರಿನ ಹಳೆಯ ಕಲ್ಟಿವೇಟರ್ ಗುಜರಿಯಲ್ಲಿ ಸಿಕ್ಕಿತೆಂದು ತಂದರೆ ಅದರ ಪಿನ್ 28 ಮಿ.ಮೀ. ಇರುವ ಸಂಭವವೇ ಹೆಚ್ಚು. ಅದು ನಿಮ್ಮ ಲಿಂಕಿನ ತೂತಿಗೆ ಹಿಡಿಸುವುದಿಲ್ಲ.

ಪಿನ್ನಿಗೆ ಸಾಮಾನ್ಯ ಕಬ್ಬಿಣದ ಸರಳು ಬೇಡ, ಇಎನ್ 8 (ಅದಕ್ಕಿಂತ ಗಟ್ಟಿಯಾದ ಒಂದು ದರ್ಜೆಯ ಉಕ್ಕು) ತನ್ನಿ. ಪಿನ್ನನ್ನು ದಿಂಡಿಗೆ (ಕುಂಟೆಯ ಅಡ್ಡ ತೊಲೆಗೆ) ನೇರವಾಗಿ ವೆಲ್ಡ್ ಮಾಡುವುದಕ್ಕಿಂತ ಮರೆ (ತಿರುಪಿನ ಸುತ್ತು) ಕೊರೆಸಿ ನಟ್ಟು ಹಾಕಿದರೆ ಮುಂದೆ ಬದಲಿಸುವುದು ಸುಲಭ, ವೆಲ್ಡ್ ಬುಡದಲ್ಲಿ ಸೀಳುವ ಭಯವೂ ಇಲ್ಲ.

ತಲೆಗೆ ಹತ್ತದೆ ಕಾಡಿದ್ದು

ನೋಡಿದ ಮನೆ ಕುಂಟೆಗಳಲ್ಲೆಲ್ಲ ಒಂದೇ ರೋಗ. ಟಾಪ್ ಲಿಂಕ್ ಸಿಕ್ಕಿಸುವ ಕಂಬದ ತುದಿಯಿಂದ ಹಿಂದಿನ ಚೌಕಟ್ಟಿಗೆ ಓರೆಯಾಗಿ ಎರಡು ಫ್ಲಾಟ್ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿಗಳು ನಡುವೆ ಬಿಲ್ಲಿನಂತೆ ಬಾಗಿರುತ್ತವೆ. ಯಾರನ್ನು ಕೇಳಿದರೂ ಉತ್ತರ ಒಂದೇ: "ಎತ್ತುವಾಗ ಭಾರ ತಾಳಲಿಲ್ಲ, ಇನ್ನೂ ದಪ್ಪ ಪಟ್ಟಿ ಹಾಕಬೇಕು." ನಾನೂ ಹಾಗೇ ನಂಬಿದ್ದೆ. ಆದರೆ ಎಳೆದದ್ದು ಬಾಗುವುದು ಹೇಗೆ? ಹಗ್ಗವನ್ನು ಎಳೆದರೆ ಅದು ನೆಟ್ಟಗಾಗುತ್ತದೆಯೇ ಹೊರತು ಬಾಗುವುದಿಲ್ಲ. ಇಲ್ಲಿಂದ ಗಂಟು ಬಿಚ್ಚಲು ಶುರುವಾಯಿತು.

ಕುಂಟೆಯನ್ನು ಕೆಳಗಿನ ಎರಡು ಪಿನ್ನುಗಳ ಮೇಲೆ ತಿರುಗುವ ಒಂದು ವಸ್ತು ಎಂದು ಭಾವಿಸಿ. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಅದು ಆ ಪಿನ್ನುಗಳ ಸುತ್ತ ಮುಂದಕ್ಕೂ ಹಿಂದಕ್ಕೂ ತಿರುಗಬಲ್ಲದು. ಹಾಗೆ ತಿರುಗದಂತೆ ಹಿಡಿದಿರುವುದು ಟಾಪ್ ಲಿಂಕ್ ಒಂದೇ. ಈಗ ಎರಡು ಸ್ಥಿತಿಗಳನ್ನು ಬೇರೆ ಬೇರೆ ನೋಡಬೇಕು. ಬೇರೆ ಬೇರೆ ನೋಡದಿದ್ದರೆ ಏನೂ ಅರ್ಥವಾಗುವುದಿಲ್ಲ.

ಒಂದು, ಕುಂಟೆ ಗಾಳಿಯಲ್ಲಿದೆ. ಅದರ ತೂಕ ಪಿನ್ನುಗಳಿಗಿಂತ ಹಿಂದೆ ಕೂತಿದೆ. ಬಾಲ ಕೆಳಗೆ ಬೀಳಲು ನೋಡುತ್ತದೆ, ಕಂಬದ ತಲೆ ಹಿಂದಕ್ಕೆ ವಾಲಲು ನೋಡುತ್ತದೆ. ಟಾಪ್ ಲಿಂಕ್ ಆ ತಲೆಯನ್ನು ಮುಂದಕ್ಕೆ ಎಳೆದು ಹಿಡಿಯುತ್ತದೆ. ಅಂದರೆ ಟಾಪ್ ಲಿಂಕಿನಲ್ಲಿ ಎಳೆತ, ಅದರ ಹಿಂದಿನ ಓರೆ ಪಟ್ಟಿಯಲ್ಲೂ ಎಳೆತ. 90 ಕೆ.ಜಿ. ಕುಂಟೆ, ಅದರ ಭಾರದ ಕೇಂದ್ರ ಪಿನ್ನಿನಿಂದ 40 ಸೆಂ.ಮೀ. ಹಿಂದೆ ಎಂದುಕೊಳ್ಳಿ: 90 × 40 = 3600. ಇದನ್ನು ಕಂಬದ ಎತ್ತರ 46ರಿಂದ ಭಾಗಿಸಿದರೆ ಸುಮಾರು 78 ಕೆ.ಜಿ. ಎಳೆತ. ದಾರಿಯ ಗುಂಡಿಯಲ್ಲಿ ಕುಪ್ಪಳಿಸಿದರೆ ಎರಡು ಮೂರು ಪಟ್ಟಾದೀತು. ಅಷ್ಟೇ.

ಎರಡು, ಕುಂಟೆ ಮಣ್ಣಿನಲ್ಲಿದೆ. ಈಗ ಮಣ್ಣು ಕುಡವನ್ನು (ಮಣ್ಣು ಸೀಳುವ ಅಲಗನ್ನು) ಹಿಂದಕ್ಕೆ ಎಳೆಯುತ್ತದೆ. ಕುಡ ಇರುವುದು ಪಿನ್ನಿಗಿಂತ ಸುಮಾರು 45 ಸೆಂ.ಮೀ. ಕೆಳಗೆ. ಬುಡ ಹಿಂದಕ್ಕೆ ಹೋದರೆ ತಲೆ ಮುಂದಕ್ಕೆ ಬರಬೇಕು. ಮುಂದಕ್ಕೆ ಬರುವ ತಲೆಯನ್ನು ಟಾಪ್ ಲಿಂಕ್ ಹಿಂದಕ್ಕೆ ತಳ್ಳುತ್ತದೆ. ದಿಕ್ಕು ಪೂರ್ತಿ ತಿರುಗಿತು! 150 ಕೆ.ಜಿ. ಸೆಳೆತವಿದ್ದರೆ 150 × 45 = 6750; ಅದರಲ್ಲಿ ತೂಕದ 3600 ಕಳೆದರೆ 3150; 46ರಿಂದ ಭಾಗಿಸಿದರೆ 68 ಕೆ.ಜಿ. ಒತ್ತಡ. ಮಣ್ಣು ಕುಡವನ್ನು ಮೇಲಕ್ಕೆ ಕೆಳಕ್ಕೆ ನೂಕುವ ಬಲವನ್ನು ಇಲ್ಲಿ ಹಿಡಿದಿಲ್ಲ, ಅಂದಾಜಿಗೆ ಇಷ್ಟು ಸಾಕು.

68 ಕೆ.ಜಿ. ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕುಡ ಒಂದು ಜಾಲಿ ಬೇರಿಗೋ ಹೂತ ಕಲ್ಲಿಗೋ ಸಿಕ್ಕಿಬಿದ್ದಾಗ ಸೆಳೆತ ಒಂದು ಕ್ಷಣ 500 ಕೆ.ಜಿ. ಆಯಿತು ಎಂದುಕೊಳ್ಳಿ. 500 × 45 = 22500, ಕಳೆ 3600, ಉಳಿದದ್ದು 18900, ಭಾಗಿಸು 46: ಸುಮಾರು 410 ಕೆ.ಜಿ. ಓರೆ ಪಟ್ಟಿ 45 ಡಿಗ್ರಿಯಲ್ಲಿ ಇದ್ದರೆ ಅದರ ಮೇಲೆ ಬೀಳುವುದು ಇದರ 1.4ರಷ್ಟು, ಹತ್ತಿರ ಹತ್ತಿರ 580 ಕೆ.ಜಿ. ಎರಡು ಪಟ್ಟಿಗೆ ಹಂಚಿದರೆ ತಲಾ 290.

ಈಗ ಪಟ್ಟಿಯ ತಾಕತ್ತು ನೋಡಿ. 40 × 6 ಮಿ.ಮೀ. ಫ್ಲಾಟನ್ನು ಎಳೆದು ಹಿಗ್ಗಿಸಲು ಸುಮಾರು 6 ಟನ್ ಬೇಕು. ಅದೇ ಪಟ್ಟಿಯನ್ನು 68 ಸೆಂ.ಮೀ. ಉದ್ದಕ್ಕೆ ನಿಲ್ಲಿಸಿ ತುದಿಯಿಂದ ಒತ್ತಿದರೆ ಸುಮಾರು 300 ಕೆ.ಜಿ.ಗೇ ನಡುವೆ ಬಾಗಲು ಶುರುವಾಗುತ್ತದೆ, ತುದಿಗಳು ತಿರುಗಲು ಬಿಟ್ಟಂತಿದ್ದರೆ. ಎಳೆತದಲ್ಲಿ 6 ಟನ್, ಒತ್ತಡದಲ್ಲಿ 300 ಕೆ.ಜಿ.; ಕಬ್ಬಿಣ ಅದೇ, ಅಡ್ಡಗಲ ಅದೇ. ಅದಕ್ಕೇ ಪಟ್ಟಿ ಬಾಗುವುದು ಎತ್ತುವಾಗಲ್ಲ, ಹೊಲದಲ್ಲಿ ಉಳುವಾಗ. ದಪ್ಪ ಪಟ್ಟಿ ಹಾಕಿಸಬೇಕೆನ್ನುವ ಸಲಹೆ ಸುಳ್ಳಲ್ಲ, ಆದರೆ ಹಣ ತಪ್ಪು ಕಡೆ ಹೋಗುತ್ತದೆ. ಫ್ಲಾಟಿನ ಬದಲು 40 × 40 × 5 ಆಂಗಲ್ ಹಾಕಿ. ತೂಕ ಒಂದೂವರೆ ಪಟ್ಟು ಆಗುತ್ತದೆ, ಬಾಗದೆ ನಿಲ್ಲುವ ಶಕ್ತಿ ಹತ್ತು ಪಟ್ಟಿಗೂ ಮೀರಿ ಏರುತ್ತದೆ. ಪೈಪ್ ಸಿಕ್ಕರೂ ಚೆನ್ನ. ಅಂಗಡಿಯವರು "ಇಷ್ಟಕ್ಕೆ ಆಂಗಲ್ ಯಾಕೆ" ಎಂದರೆ ಈ ಲೆಕ್ಕವನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿ.

ಕಂಬ ಗಿಡ್ಡವಾದರೆ

ಮೇಲಿನ ಲೆಕ್ಕದಲ್ಲಿ ಭಾಗಿಸಿದ್ದು 46ರಿಂದ. ಚಿಕ್ಕ ಟ್ರ್ಯಾಕ್ಟರ್ ತಾನೆ ಎಂದು ಕಂಬವನ್ನು 23 ಸೆಂ.ಮೀ.ಗೆ ಇಳಿಸಿದರೆ ಟಾಪ್ ಲಿಂಕಿನ ಮೇಲಿನ ಬಲ ನೇರ ಎರಡು ಪಟ್ಟು. ಇನ್ನೊಂದು ತೊಂದರೆಯೂ ಇದೆ: ಟಾಪ್ ಲಿಂಕನ್ನು 1 ಸೆಂ.ಮೀ. ಗಿಡ್ಡ ಮಾಡಿದರೆ 46ರ ಕಂಬದಲ್ಲಿ ಕುಡದ ಓರೆ ಒಂದೂಕಾಲು ಡಿಗ್ರಿಯಷ್ಟು ಬದಲಾಗುತ್ತದೆ, 23ರ ಕಂಬದಲ್ಲಿ ಎರಡೂವರೆ. ಟಾಪ್ ಲಿಂಕಿನ ಒಂದು ತುದಿ ಬಲಮರೆ, ಇನ್ನೊಂದು ಎಡಮರೆ; ಒಂದು ಸುತ್ತಿಗೆ ಎರಡೂ ಕಡೆಯ ಮರೆ ಸೇರಿ ಸರಿಯುತ್ತದೆ. ಗಿಡ್ಡ ಕಂಬದಲ್ಲಿ ಅರ್ಧ ಸುತ್ತು ಹೆಚ್ಚಾದರೂ ಕುಂಟೆ ನೆಲ ಕಚ್ಚಿಬಿಡುತ್ತದೆ.

ಇದೇ ಒತ್ತಡದ ವಿದ್ಯೆಯ ಮೇಲೆ ಐರ್ಲೆಂಡಿನ ಎಂಜಿನಿಯರ್ ಹ್ಯಾರಿ ಫರ್ಗುಸನ್ ತನ್ನ ಮೂರು ಕೊಂಡಿಯ ಜೋಡಣೆಯನ್ನು ಕಟ್ಟಿದ್ದು. 1939ರ ಫೋರ್ಡ್-ಫರ್ಗುಸನ್ 9ಎನ್ ಟ್ರ್ಯಾಕ್ಟರಿನಿಂದ ಅದು ಹೆಚ್ಚು ಹೊಲಗಳಿಗೆ ಹರಡಿತು. ಟಾಪ್ ಲಿಂಕ್ ಕಂಬವನ್ನು ಹಿಂದಕ್ಕೆ ತಳ್ಳುವಾಗ ಇನ್ನೊಂದು ತುದಿಯಲ್ಲಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ, ಲೋವರ್ ಲಿಂಕ್‌ಗಳು ಕೆಳಗೆ ಹಿಂದಕ್ಕೆ ಜಗ್ಗುತ್ತವೆ. ಎರಡೂ ಸೇರಿ ಟ್ರ್ಯಾಕ್ಟರಿನ ಮೂತಿ ಕೆಳಗೆ ಒತ್ತಲ್ಪಡುತ್ತದೆ. ಬರಿ ಕೊಕ್ಕೆಗೆ ಕಟ್ಟಿ ಎಳೆಯುತ್ತಿದ್ದ ಕಾಲದಲ್ಲಿ ನೇಗಿಲು ಬಂಡೆಗೆ ಸಿಕ್ಕರೆ ಟ್ರ್ಯಾಕ್ಟರೇ ಹಿಂದಕ್ಕೆ ಮಗುಚುವ ಅಪಾಯವಿತ್ತು. ಡ್ರಾಫ್ಟ್ ಕಂಟ್ರೋಲ್ ಇರುವ ಟ್ರ್ಯಾಕ್ಟರಿನಲ್ಲಿ ಈ ಒತ್ತಡವನ್ನೇ ಅಳೆದು ಹೈಡ್ರಾಲಿಕ್ ಕುಂಟೆಯನ್ನು ತುಸು ಎತ್ತಿಕೊಳ್ಳುತ್ತದೆ. ಇಷ್ಟು ಅರ್ಥವಾದರೆ ಇನ್ನೊಂದು ಸಂಗತಿಯೂ ತಾನಾಗಿ ಅರ್ಥವಾಗುತ್ತದೆ: ಟಾಪ್ ಲಿಂಕ್ ಬ್ರಾಕೆಟಿಗೆ ಸರಪಳಿ ಕಟ್ಟಿ ಮರದ ಬೊಡ್ಡೆ ಎಳೆಯಲೇಬಾರದು. ಹಿಂದಿನ ಅಚ್ಚಿಗಿಂತ ಮೇಲಿನಿಂದ ಎಳೆದರೆ ಮೂತಿ ಏಳುತ್ತದೆ, ಜೀವ ಹೋಗುತ್ತದೆ.

ಕುಡ ಮತ್ತು ಕಮಾನು ಪಟ್ಟಿ

ಕುಡಕ್ಕೆ ಲಾರಿಯ ಹಳೆಯ ಕಮಾನು ಪಟ್ಟಿ (ಸ್ಪ್ರಿಂಗ್ ಪಟ್ಟಿ) ಎಲ್ಲರಿಗೂ ಪ್ರಿಯ. ಸವೆಯುವುದು ನಿಧಾನ, ಗುಜರಿಯಲ್ಲಿ ಅಗ್ಗ. ಆದರೆ ಅದನ್ನು ಮಾಮೂಲಿ ವೆಲ್ಡಿಂಗ್ ಕಡ್ಡಿಯಿಂದ ತಾಳಿಗೆ (ಕುಡವನ್ನು ಹಿಡಿದಿರುವ ಕಾಲಿಗೆ) ವೆಲ್ಡ್ ಮಾಡಿದರೆ ಮುರಿಯುವುದು ವೆಲ್ಡ್ ಅಲ್ಲ, ವೆಲ್ಡಿನ ಪಕ್ಕದ ಪಟ್ಟಿ. ಮುರಿದ ಮುಖ ಸಕ್ಕರೆ ಹರಳಿನಂತೆ ಹೊಳೆಯುತ್ತಿದ್ದರೆ ಅನುಮಾನವೇ ಬೇಡ. ಕಮಾನಿನ ಉಕ್ಕಿನಲ್ಲಿ ಇಂಗಾಲ ಸಾಮಾನ್ಯ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಕಾದ ಜಾಗದ ಬಿಸಿಯನ್ನು ಸುತ್ತಲಿನ ತಣ್ಣನೆಯ ಉಕ್ಕು ಥಟ್ಟನೆ ಹೀರಿಕೊಂಡರೆ ಆ ಜಾಗ ಗಾಜಿನಷ್ಟು ಪೆಡಸಾಗುತ್ತದೆ. ಅರ ಹಾಕಿ ಉಜ್ಜಿ ನೋಡಿ: ಪಟ್ಟಿಯ ಉಳಿದ ಕಡೆ ಅರ ತುಸುವಾದರೂ ಕಚ್ಚುತ್ತದೆ, ವೆಲ್ಡಿನ ಪಕ್ಕದಲ್ಲಿ ಜಾರಿಹೋಗುತ್ತದೆ. ಯಾವ ಉಕ್ಕು ಎಂಬ ಸಂಶಯವಿದ್ದರೆ ಗ್ರೈಂಡರಿಗೆ ಹಿಡಿಯಿರಿ; ಸಾಮಾನ್ಯ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಯಂತೆ ಹೋಗುತ್ತದೆ, ಕಮಾನಿನ ಕಿಡಿ ತುದಿಯಲ್ಲಿ ಸುರುಸುರುಬತ್ತಿಯಂತೆ ಒಡೆದು ಚೆಲ್ಲುತ್ತದೆ.

ನನ್ನ ಮಟ್ಟಿಗೆ ಉತ್ತರ ಸರಳ: ಕುಡವನ್ನು ವೆಲ್ಡ್ ಮಾಡಬೇಡಿ, ಬೋಲ್ಟ್ ಹಾಕಿ. ಸವೆದಾಗ ತಿರುಗಿಸಿ ಹಾಕಬಹುದು, ಬದಲಿಸಬಹುದು. ವೆಲ್ಡ್ ಮಾಡಲೇಬೇಕಾದರೆ ಒಣಗಿಸಿದ 7018 ಕಡ್ಡಿ (ಹೈಡ್ರೋಜನ್ ಕಡಿಮೆ ಬಿಡುವ ವೆಲ್ಡಿಂಗ್ ಕಡ್ಡಿ) ಬಳಸಿ. ಪಟ್ಟಿಯನ್ನು ಮೊದಲೇ 200–250 ಡಿಗ್ರಿಗೆ ಕಾಯಿಸಿ, ಆದ ಕೂಡಲೇ ಒಲೆಯ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ರಾತ್ರಿಯಿಡೀ ಬಿಡಿ. ನೀರು ಸುರಿದು ತಣಿಸುವ ಚಪಲ ಬೇಡ.

ರಿಪೇರಿಗೆ ಕೂರುವ ಮುನ್ನ

ಕುಂಟೆಯನ್ನು ಟ್ರ್ಯಾಕ್ಟರಿನಿಂದ ಬಿಚ್ಚಿಯೇ ವೆಲ್ಡ್ ಮಾಡಿ. ಬಿಚ್ಚಲಾಗದಿದ್ದರೆ ಬ್ಯಾಟರಿ ತಂತಿ ತೆಗೆಯಿರಿ, ಅರ್ತ್ ಕ್ಲಾಂಪನ್ನು ವೆಲ್ಡಿನ ಮಗ್ಗುಲಲ್ಲೇ ಕಚ್ಚಿಸಿ. ದೂರದಲ್ಲಿ ಕಚ್ಚಿಸಿದರೆ ಕರೆಂಟು ಬೇರಿಂಗಿನ ಒಳಗಿಂದ ದಾರಿ ಹುಡುಕುತ್ತದೆ. ಎತ್ತಿ ನಿಲ್ಲಿಸಿದ ಕುಂಟೆಯ ಕೆಳಗೆ ಕೈ ಹಾಕುವ ಮೊದಲು ಮರದ ದಿಮ್ಮಿ ಕೊಡಿ, ಹೈಡ್ರಾಲಿಕ್ಕನ್ನು ನಂಬಬೇಡಿ. ರೋಟವೇಟರಿನಂತಹ ಪಿಟಿಒ (ಎಂಜಿನ್ನಿನ ಶಕ್ತಿ ಕೊಡುವ ಹಿಂದಿನ ತಿರುಗುವ ದಂಡ) ಸಾಮಾನಿನಲ್ಲಿ ಶಿಯರ್ ಬೋಲ್ಟ್ (ಭಾರ ಮಿತಿ ಮೀರಿದರೆ ತಾನೇ ಮುರಿದು ಉಳಿದದ್ದನ್ನು ಕಾಯುವ ಬೋಲ್ಟ್) ಮುರಿದರೆ ಅದೇ ದರ್ಜೆಯ ಮೆತ್ತನೆಯ ಬೋಲ್ಟನ್ನೇ ಹಾಕಿ. ಗಟ್ಟಿ ಬೋಲ್ಟ್ ಹಾಕಿದರೆ ಮುಂದೆ ಮುರಿಯುವುದು ಗೇರು.

ಹೊಲಕ್ಕೆ ಇಳಿಸುವ ಮೊದಲಿನ ಹೊಂದಿಕೆ

ಇದು ನನಗೆ ಬಹಳ ಇಷ್ಟವಾದ ಉಪಾಯ. ಕುಂಟೆಯನ್ನು ಕಟ್ಟಿಕೊಂಡು ಟ್ರ್ಯಾಕ್ಟರನ್ನು ಸಮತಟ್ಟಾದ ಕಣದ ಮೇಲೆ ನಿಲ್ಲಿಸಿ. ಹೊಲದಲ್ಲಿ ಕುಡ ಎಷ್ಟು ಆಳ ಇಳಿಯಬೇಕೋ ಅಷ್ಟು ದಪ್ಪದ ಹಲಗೆಯನ್ನು ನಾಲ್ಕೂ ಚಕ್ರಗಳ ಕೆಳಗೆ ಕೊಡಿ. ಈಗ ಕುಂಟೆಯನ್ನು ನೆಲಕ್ಕೆ ಇಳಿಸಿದರೆ ಹೊಲದ ಸ್ಥಿತಿಯೇ ಕಣದ ಮೇಲೆ ಬಂದ ಹಾಗೆ. ಕುಡದ ಮುಂದಿನ ಅಂಚು ನೆಲ ಮುಟ್ಟಬೇಕು, ಹಿಂದಿನ ಅಂಚಿನ ಕೆಳಗೆ ಕಿರುಬೆರಳು ತೂರಬೇಕು. ಬೆರಳು ತೂರದಿದ್ದರೆ ಟಾಪ್ ಲಿಂಕನ್ನು ಗಿಡ್ಡ ಮಾಡಿ; ಕಂಬದ ತಲೆ ಮುಂದಕ್ಕೆ ಬಂದಂತೆ ಕುಡದ ಮೂತಿ ಕೆಳಗಾಗುತ್ತದೆ. ಎರಡು ಬೆರಳು ತೂರಿದರೆ ಉದ್ದ ಮಾಡಿ. ಸರಿಯಾದ ಮೇಲೆ ಟಾಪ್ ಲಿಂಕಿನ ಮರೆಯ ಮೇಲೆ ಬಣ್ಣದ ಗುರುತು ಹಾಕಿಡಿ. ಆಮೇಲೆ ಎಡ ಬಲ ಲಿಂಕ್‌ಗಳ ಎತ್ತರ ಒಂದೇ ಇದೆಯೇ ನೋಡಿ. ಬಲಗಡೆಯ ತಿರುಗಿಸುವ ಹಿಡಿಯಿಂದ ಸರಿಮಾಡಿ, ಪಕ್ಕದ ಚೈನುಗಳನ್ನು ಅಲ್ಪ ಸಡಿಲ ಉಳಿಯುವಷ್ಟು ಬಿಗಿ ಮಾಡಿ. ಮೊದಲ ಸಾಲು ನಿಧಾನಕ್ಕೆ ಹೋಗಿ, ಸಾಲಿನ ಕೊನೆಯಲ್ಲಿ ಇಳಿದು ಆಂಗಲ್‌ನ ಎರಡೂ ತುದಿಯ ವೆಲ್ಡ್ ಒರೆಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಎರಡನೆಯ ಸಾಲಿಗೆ ಹೋಗಬೇಡಿ.